ಮೆಮೊರಿ ಸಾಲದಾದಾಗ ಏನನ್ನು ಬಿಟ್ಟುಕೊಡಬೇಕು? ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಕರ್ನೆಲ್ ಆಯ್ಕೆಗಳ ಹೋಲಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಎರಡು ಅಥವಾ ನಾಲ್ಕು ಜಿಬಿ ರ್ಯಾಮಿನ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಅಂಥ ಹಳೆಯ ಯಂತ್ರಕ್ಕೆ ಹೊಂದುವ ರ್ಯಾಮ್ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋದರೂ ಪ್ರತಿ ಸಲ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಲಿನಕ್ಸ್ ಹಾಕಿಸಿಕೊಂಡವರು ಸ್ವಲ್ಪ ದಿನದಲ್ಲೇ ಕೇಳತೊಡಗುತ್ತಾರೆ: ಸ್ವಾಪ್, ಅಂದರೆ ರ್ಯಾಮಿನಲ್ಲಿ ಹಿಡಿಸದ್ದನ್ನು ಇಡುವ ಜಾಗ, ಎಷ್ಟಿಡಬೇಕು? ಜೆಡ್‌ರ್ಯಾಮ್ ಮೇಲೋ ಜೆಡ್‌ಸ್ವಾಪ್ ಮೇಲೋ? ಸ್ವಾಪಿನೆಸ್ ಹತ್ತಕ್ಕೆ ಇಳಿಸಲೇ?

ಉತ್ತರ ಹೇಳುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ರ್ಯಾಮ್ ತುಂಬಿದ ಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್ ಯಾವುದಾದರೊಂದನ್ನು ಬಿಟ್ಟುಕೊಡಲೇಬೇಕು. ಡಿಸ್ಕಿಗೆ ಬರೆದು ಓದುತ್ತ ಕುಳಿತರೆ ಸಮಯ ಹೋಗುತ್ತದೆ. ಹಿಂಡಿ ಚಿಕ್ಕದು ಮಾಡಿಟ್ಟರೆ ಪ್ರೊಸೆಸರಿನ ಶಕ್ತಿ ಖರ್ಚಾಗುತ್ತದೆ. ಎರಡೂ ಬೇಡವೆಂದರೆ ತೆರೆದಿರುವ ಒಂದು ಪ್ರೋಗ್ರಾಂ ಸಾಯುತ್ತದೆ. ನಿಮ್ಮ ಜಾಗದಲ್ಲಿ ಇವುಗಳಲ್ಲಿ ಯಾವುದು ಹೋದರೆ ಸಹಿಸಬಹುದು? ಅಡಿಕೆ ತೂಕದ ಚೀಟಿ ಮುದ್ರಿಸುವ ಯಂತ್ರದಲ್ಲಿ ಲೆಕ್ಕದ ಪ್ರೋಗ್ರಾಂ ಸಾಯಬಾರದು, ಅರೆ ನಿಮಿಷ ತಡವಾದರೆ ಅಡ್ಡಿಯಿಲ್ಲ. ಮಕ್ಕಳು ಸಾಲಾಗಿ ಕುಳಿತ ಶಾಲೆಯ ಲ್ಯಾಬಿನಲ್ಲಿ ಬ್ರೌಸರಿನ ಒಂದು ಟ್ಯಾಬ್ ಹೋದರೆ ಹೋಗಲಿ, ಯಂತ್ರ ಕಲ್ಲಿನಂತೆ ನಿಲ್ಲಬಾರದು. ಇದನ್ನು ಮೊದಲು ನಿರ್ಧರಿಸಿದವರಿಗೆ ಮುಂದಿನ ಆಯ್ಕೆಗಳು ಅರ್ಧಕ್ಕರ್ಧ ತಾವಾಗಿಯೇ ತೀರ್ಮಾನವಾಗುತ್ತವೆ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಚಿಂತೆ ಸೇರುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದಾಗ ಡಿಸ್ಕಿಗೆ ಇನ್ನೂ ತಲುಪದ ಬರಹ ರ್ಯಾಮಿನ ಜೊತೆಗೇ ಅಳಿಸಿಹೋಗುತ್ತದೆ. ಅದರ ಬಗ್ಗೆಯೂ ಬರೆದಿದ್ದೇನೆ.

ಆಯ್ಕೆ ಎಲ್ಲಿ ಇರುತ್ತದೆ

ಕರ್ನೆಲಿನ ಮೆಮೊರಿ ಆಯ್ಕೆಗಳು ಮೂರು ಹಂತಗಳಲ್ಲಿ ಸಿಗುತ್ತವೆ. ಕರ್ನೆಲನ್ನು ಕಂಪೈಲ್ ಮಾಡುವಾಗ, ಅಂದರೆ ಮೂಲ ಕೋಡಿನಿಂದ ಕಟ್ಟುವಾಗ, ತೀರ್ಮಾನವಾಗುವವು ಮೊದಲನೆಯವು. ಕೆಕಾನ್ಫಿಗ್ ಎಂಬ ಕಡತಗಳಲ್ಲಿ ಪ್ರತಿ ಆಯ್ಕೆಗೂ ಒಂದು ಹೆಸರು, ಒಂದು ಪೂರ್ವನಿಗದಿ ಉತ್ತರ, ಕೆಳಗೆ ಒಂದು ವಿವರಣೆ ಇರುತ್ತವೆ. ವೈ ಎಂದರೆ ಕರ್ನೆಲಿನೊಳಗೇ ಸೇರುತ್ತದೆ, ಎಂ ಎಂದರೆ ಬೇಕಾದಾಗ ಹಾಕಿಕೊಳ್ಳುವ ಮಾಡ್ಯೂಲ್ ಆಗುತ್ತದೆ, ಎನ್ ಎಂದರೆ ಇರುವುದೇ ಇಲ್ಲ. ಎರಡನೆಯವು ಬೂಟ್ ಆಗುವಾಗ, ಕರ್ನೆಲನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂ ಮೂಲಕ, ಕರ್ನೆಲಿಗೆ ಕೊಡುವ ಸಾಲುಗಳು. ಮೂರನೆಯವು ಯಂತ್ರ ನಡೆಯುತ್ತಿರುವಾಗಲೇ ಬದಲಿಸಬಹುದಾದವು. ಪ್ರಾಕ್ ಮತ್ತು ಸಿಸ್ ಫೋಲ್ಡರುಗಳ ಒಳಗಿನ ಸಣ್ಣ ಕಡತಗಳಿಗೆ ಒಂದು ಸಂಖ್ಯೆ ಬರೆದರೆ ಅದೇ ಕ್ಷಣ ಜಾರಿಗೆ ಬರುತ್ತದೆ, ಯಂತ್ರ ಮರಳಿ ಚಾಲೂ ಮಾಡಿದರೆ ಹಳೆಯ ಸ್ಥಿತಿಗೆ ಹೋಗುತ್ತದೆ. ಪ್ರಾಕ್ ಫೋಲ್ಡರಿನವು ಉಳಿಯಬೇಕೆಂದರೆ ಸಿಸ್‌ಸಿಟಿಎಲ್ ಕಡತದಲ್ಲಿ ಬರೆದಿಡಬೇಕು, ಸಿಸ್ ಫೋಲ್ಡರಿನವು ಆ ಕಡತದಿಂದ ಬದಲಾಗುವುದಿಲ್ಲ.

ಹೊಸಬರಿಗೆ ನನ್ನ ಸಲಹೆ ಖಚಿತವಾಗಿದೆ: ಮೂರನೆಯ ಹಂತದಿಂದ ಆರಂಭಿಸಿ. ತಪ್ಪಿದರೆ ಒಂದು ಸಲ ಬಂದ್ ಮಾಡಿ ಚಾಲೂ ಮಾಡಿದರೆ ಮುಗಿಯಿತು. ಕರ್ನೆಲನ್ನೇ ಕಂಪೈಲ್ ಮಾಡುವ ಅಗತ್ಯ ಈ ಲೇಖನದಲ್ಲಿ ಹೇಳಿರುವ ಬಹುಪಾಲು ಆಯ್ಕೆಗಳಿಗೆ ಇಲ್ಲ. ಡೆಬಿಯನ್, ಫೆಡೋರಾ, ಉಬುಂಟು ಕೊಡುವ ಕರ್ನೆಲುಗಳಲ್ಲಿ ಅವು ಆಗಲೇ ಇರುತ್ತವೆ. ಇದೆಯೋ ಇಲ್ಲವೋ ನೋಡಲು ಬೂಟ್ ಫೋಲ್ಡರಿನಲ್ಲಿ ಕರ್ನೆಲ್ ಆವೃತ್ತಿಯ ಸಂಖ್ಯೆ ಹೊತ್ತ ಕಾನ್ಫಿಗ್ ಕಡತವನ್ನು ತೆರೆದು ಆಯ್ಕೆಯ ಹೆಸರು ಹುಡುಕಿದರೆ ಸಾಕು.

ಕೆಕಾನ್ಫಿಗಿನ ವಿವರಣೆಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಕೆಲವು ವಿವರಣೆಗಳು ಆಯ್ಕೆಯ ಹೆಸರನ್ನೇ ಉದ್ದ ಮಾಡಿ ಹೇಳಿ ಮುಗಿಸುತ್ತವೆ, ಓದಿದವನಿಗೆ ಏನೂ ತಿಳಿಯುವುದಿಲ್ಲ. ಆದರೆ 6.2ನೆಯ ಆವೃತ್ತಿಯಲ್ಲಿ ಬಂದ ಸ್ಲಬ್ ಟೈನಿ ಎಂಬ ಆಯ್ಕೆಯ ವಿವರಣೆ ನೋಡಿ. ಕರ್ನೆಲ್ ತನ್ನ ಸ್ವಂತ ಬಳಕೆಗೆ ಹಂಚಿಕೊಳ್ಳುವ ಮೆಮೊರಿಯನ್ನು ಇದು ಆದಷ್ಟು ಕಡಿಮೆ ಮಾಡುತ್ತದೆ, ಅದಕ್ಕಾಗಿ ದೊಡ್ಡ ಯಂತ್ರಗಳಲ್ಲಿ ಚೆನ್ನಾಗಿ ನಡೆಯುವ ಗುಣವನ್ನೂ ದೋಷ ಹುಡುಕುವ ಸೌಲಭ್ಯಗಳನ್ನೂ ಬಿಟ್ಟುಕೊಡುತ್ತದೆ, 16 ಎಂಬಿಗಿಂತ ಹೆಚ್ಚು ರ್ಯಾಮ್ ಇರುವ ಯಂತ್ರಗಳಿಗೆ ಸಲಹೆ ಮಾಡುವುದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಏನು ಸಿಗುತ್ತದೆ, ಏನು ಹೋಗುತ್ತದೆ, ಯಾರಿಗೆ ಬೇಡ ಎಂಬ ಮೂರೂ ಅದರಲ್ಲಿವೆ. ‘ಮೆಮೊರಿ ಕಡಿಮೆ ಬಳಸುತ್ತದೆ’ ಎಂಬಷ್ಟನ್ನೇ ಬರೆದಿದ್ದರೆ ಎರಡು ಜಿಬಿ ಯಂತ್ರದವರೆಲ್ಲ ಆಸೆಯಿಂದ ಅದನ್ನು ಹಾಕಿಕೊಂಡು ಯಂತ್ರ ನಿಧಾನವಾಯಿತೆಂದು ಕೊರಗುತ್ತಿದ್ದರು. ಆಯ್ಕೆಯೊಂದರ ವಿವರಣೆಯಲ್ಲಿ ‘ಯಾರಿಗೆ ಬೇಡ’ ಎಂಬ ಸಾಲೇ ಹೆಚ್ಚು ಬೆಲೆಯದು ಎಂದು ನಾನು ನಂಬುತ್ತೇನೆ, ಮುಂದಿನ ಹೋಲಿಕೆಯಲ್ಲಿ ಅದನ್ನೇ ಹುಡುಕುತ್ತ ಹೋಗಿದ್ದೇನೆ.

ಡಿಸ್ಕ್ ಸ್ವಾಪ್, ಜೆಡ್‌ಸ್ವಾಪ್, ಜೆಡ್‌ರ್ಯಾಮ್

ಮಲೆನಾಡಿನ ಮನೆಯಲ್ಲಿ ಬೇಸಿಗೆಗೆ ಬೇಡವಾದ ಕಂಬಳಿಗಳನ್ನು ಅಟ್ಟಕ್ಕೆ ಹಾಕುವುದು ಒಂದು ಕ್ರಮ, ಬಿಗಿಯಾಗಿ ಮಡಿಸಿ ಅದೇ ಕೋಣೆಯ ಮೂಲೆಯಲ್ಲಿಡುವುದು ಇನ್ನೊಂದು ಕ್ರಮ. ಡಿಸ್ಕ್ ಸ್ವಾಪ್ ಮೊದಲಿನದು, ಜೆಡ್‌ರ್ಯಾಮ್ ಎರಡನೆಯದು. ಮೊದಲು ಮಡಿಸಿ ಕೋಣೆಯಲ್ಲೇ ಇಟ್ಟು, ಮೂಲೆ ತುಂಬಿದಾಗ ಬಹಳ ದಿನದಿಂದ ಮುಟ್ಟದ್ದನ್ನು ಅಟ್ಟಕ್ಕೇರಿಸುವುದು ಜೆಡ್‌ಸ್ವಾಪ್.

ಡಿಸ್ಕ್ ಸ್ವಾಪಿನ ಗುಣ ಸರಳತೆ. ಒಂದು ವಿಭಾಗ ಅಥವಾ ಒಂದು ಕಡತ ಇದ್ದರಾಯಿತು, ಪ್ರೊಸೆಸರಿಗೆ ಹೊರೆಯಿಲ್ಲ, ಹೋದ ಪುಟ ನಿಜವಾಗಿಯೂ ರ್ಯಾಮಿನಿಂದ ಹೊರಗೆ ಹೋಗುತ್ತದೆ. ಪುಟ ಎಂದರೆ ಕರ್ನೆಲ್ ಮೆಮೊರಿಯನ್ನು ಹಂಚುವ ಒಂದು ತುಣುಕು, ಎಕ್ಸ್86 (ಇಂಟೆಲ್, ಎಎಂಡಿ) ಯಂತ್ರದಲ್ಲಿ ಅದು 4 ಕೆಬಿ. ತೊಂದರೆ ಬರುವುದು ಅದನ್ನು ಮರಳಿ ತರುವಾಗ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಪುಟ ಓದಲು ಪ್ರತಿ ಸಲ ಹಲವು ಮಿಲಿಸೆಕೆಂಡು ಹಿಡಿಯುತ್ತದೆ. ಸಾವಿರಾರು ಪುಟ ಬೇಕಾದಾಗ ಮೌಸ್ ಅಲುಗಾಡುವುದೂ ನಿಲ್ಲುತ್ತದೆ. ‘ಹ್ಯಾಂಗ್ ಆಯಿತು’ ಎಂದು ಜನ ಪವರ್ ಬಟನ್ ಒತ್ತಿಹಿಡಿಯುವುದು ಇಂಥ ಹೊತ್ತಿನಲ್ಲೇ. ಯಂತ್ರ ಸತ್ತಿರುವುದಿಲ್ಲ, ಡಿಸ್ಕಿನ ಮುಂದೆ ಕಾಯುತ್ತಿರುತ್ತದೆ. ಹಾಗಿದ್ದರೂ ಒಂದು ಕೆಲಸ ಡಿಸ್ಕ್ ಸ್ವಾಪಿನಿಂದಲೇ ಆಗಬೇಕು, ಅದು ಹೈಬರ್ನೇಟ್. ಯಂತ್ರದ ಸ್ಥಿತಿಯನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆರಿಸುವ ಸೌಲಭ್ಯ ಬೇಕಿದ್ದರೆ ಡಿಸ್ಕಿನಲ್ಲಿ ಸ್ವಾಪ್ ಇರಲೇಬೇಕು. ಕರೆಂಟ್ ಹೋದ ತಕ್ಷಣ ರ್ಯಾಮಿನಲ್ಲಿರುವ ಜೆಡ್‌ರ್ಯಾಮ್ ಕೂಡ ಖಾಲಿಯಾಗುತ್ತದೆ, ಅದಕ್ಕೆ ಹೈಬರ್ನೇಟ್ ಒಪ್ಪಿಸಲಾಗದು.

ಜೆಡ್‌ರ್ಯಾಮ್ 2014ರಲ್ಲಿ 3.14ನೆಯ ಆವೃತ್ತಿಯೊಂದಿಗೆ ಪ್ರಯೋಗದ ವಿಭಾಗದಿಂದ ಮುಖ್ಯ ಕರ್ನೆಲಿಗೆ ಬಂದಿತು. ಇದು ರ್ಯಾಮಿನೊಳಗೇ ಒಂದು ಸುಳ್ಳು ಡಿಸ್ಕನ್ನು ನಿರ್ಮಿಸುತ್ತದೆ. ಅದಕ್ಕೆ ಬರೆದ ಪ್ರತಿ ಪುಟವೂ ಸಂಕುಚಿತವಾಗಿ ಕುಳಿತುಕೊಳ್ಳುತ್ತದೆ. ಆ ಡಿಸ್ಕನ್ನೇ ಸ್ವಾಪ್ ಆಗಿ ಬಳಸುತ್ತೇವೆ. ಹಾರ್ಡ್ ಡಿಸ್ಕಿನ ಮಾತೇ ಇಲ್ಲ, ಆದ್ದರಿಂದ ಪುಟ ಮರಳಿ ಬರುವುದು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದೇ ವ್ಯವಸ್ಥೆ ವ್ಯಾಪಕವಾಗಿದೆ. ಫೆಡೋರಾ 2020ರಲ್ಲಿ ತನ್ನ 33ನೆಯ ಬಿಡುಗಡೆಯಿಂದ ಇದನ್ನೇ ಪೂರ್ವನಿಗದಿ ಸ್ವಾಪ್ ಮಾಡಿಕೊಂಡಿತು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಜೆಡ್‌ರ್ಯಾಮಿಗೆ ನಾವು ಕೊಡುವ ಗಾತ್ರ ಸಂಕುಚಿತಗೊಳ್ಳುವ ಮೊದಲಿನ ಗಾತ್ರ. ‘ಎರಡು ಜಿಬಿ’ ಎಂದು ಬರೆದರೆ ಎರಡು ಜಿಬಿ ರ್ಯಾಮ್ ಅಲ್ಲೇ ಕಟ್ಟಿಹೋಗುವುದಿಲ್ಲ. ಖಾಲಿಯಿದ್ದಾಗ ಅದು ತಿನ್ನುವುದು ಆ ಗಾತ್ರದ ಸುಮಾರು 0.1 ಶೇಕಡಾ ಮಾತ್ರ. ತುಂಬಿದಾಗ ಅರ್ಧಕ್ಕೆ ಇಳಿಯುತ್ತದೆಂದು ಕರ್ನೆಲಿನ ದಸ್ತಾವೇಜು ಅಂದಾಜು ಮಾಡುತ್ತದೆ, ಆದ್ದರಿಂದಲೇ ರ್ಯಾಮಿನ ಎರಡು ಪಟ್ಟಿಗಿಂತ ದೊಡ್ಡ ಜೆಡ್‌ರ್ಯಾಮ್ ಇಟ್ಟು ಪ್ರಯೋಜನವಿಲ್ಲ ಎನ್ನುತ್ತದೆ. ನಾಲ್ಕು ಜಿಬಿ ಯಂತ್ರಕ್ಕೆ ಎರಡರಿಂದ ನಾಲ್ಕು ಜಿಬಿಯ ಜೆಡ್‌ರ್ಯಾಮ್ ನನಗೆ ಸರಿ ಕಾಣುತ್ತದೆ. ನಿಮ್ಮಲ್ಲಿ ನಿಜವಾಗಿ ಎಷ್ಟು ಕುಗ್ಗುತ್ತಿದೆ ಎಂಬುದನ್ನು ಜೆಡ್‌ರ್ಯಾಮ್‌ಸಿಟಿಎಲ್ ಎಂಬ ಆಜ್ಞೆ ತೋರಿಸುತ್ತದೆ: ಡೇಟಾ ಕಾಲಂ ಮೂಲ ಗಾತ್ರ, ಟೋಟಲ್ ಕಾಲಂ ರ್ಯಾಮಿನಲ್ಲಿ ಅದು ಹಿಡಿದ ಜಾಗ. ಕನ್ನಡ ಪಠ್ಯ, ಲೆಕ್ಕದ ಹಾಳೆ, ಬ್ರೌಸರಿನ ಪುಟಗಳು ಚೆನ್ನಾಗಿ ಕುಗ್ಗುತ್ತವೆ. ಆಗಲೇ ಸಂಕುಚಿತವಾಗಿರುವ ಫೋಟೊ, ವಿಡಿಯೊ ಕುಗ್ಗುವುದಿಲ್ಲ. ಮದುವೆಯ ವಿಡಿಯೊ ಸಂಕಲಿಸುವ ಸ್ಟುಡಿಯೊಗಳಿಗೆ ಜೆಡ್‌ರ್ಯಾಮ್ ಹೆಚ್ಚು ಸಹಾಯ ಮಾಡದಿರಲು ಇದೇ ಕಾರಣ.

ಸಂಕುಚಿಸುವ ವಿಧಾನವನ್ನೂ ಆರಿಸಬಹುದು. ಎಲ್‌ಜೆಡ್4 ಹೆಚ್ಚು ವೇಗದ್ದು, ಜೆಡ್‌ಎಸ್‌ಟಿಡಿ ಹೆಚ್ಚು ಕುಗ್ಗಿಸುವಂಥದ್ದು, ಎಲ್‌ಜೆಡ್‌ಒ ನಡುವಿನದು. ಎರಡು ಕೋರಿನ ಹಳೆಯ ಪ್ರೊಸೆಸರಿದ್ದರೆ ಎಲ್‌ಜೆಡ್4 ಅಥವಾ ಎಲ್‌ಜೆಡ್‌ಒ ಸಾಕು. ನಾಲ್ಕು ಕೋರ್ ಇದ್ದು ರ್ಯಾಮ್ ಮಾತ್ರ ಎರಡೇ ಜಿಬಿ ಇದ್ದರೆ ಜೆಡ್‌ಎಸ್‌ಟಿಡಿ ಪರೀಕ್ಷಿಸಿ ನೋಡಿ.

ಜೆಡ್‌ಸ್ವಾಪ್ 2013ರಲ್ಲಿ 3.11ನೆಯ ಆವೃತ್ತಿಯಲ್ಲಿ ಸೇರಿತು. ಅದು ಸ್ವತಂತ್ರ ಸ್ವಾಪ್ ಅಲ್ಲವೆಂಬುದನ್ನು ಮರೆಯಬಾರದು. ಹಿಂದೆ ನಿಜವಾದ ಡಿಸ್ಕ್ ಸ್ವಾಪ್ ಇರಬೇಕು, ಅದರ ಮುಂದೆ ಸಂಕುಚಿತ ಕ್ಯಾಶ್ ಆಗಿ ಇದು ನಿಲ್ಲುತ್ತದೆ. ರ್ಯಾಮಿನ ಎಷ್ಟು ಪಾಲನ್ನು ಇದು ಬಳಸಬಹುದೆಂಬುದಕ್ಕೆ ಮಿತಿಯಿದೆ, ಪೂರ್ವನಿಗದಿ 20 ಶೇಕಡಾ. ಮಿತಿ ಮುಟ್ಟಿದಾಗ ಹಳೆಯ ಪುಟಗಳನ್ನು ಬಿಚ್ಚಿ ಡಿಸ್ಕಿಗೆ ಕಳಿಸುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಈಗಷ್ಟೇ ಬಳಸಿದ್ದು ರ್ಯಾಮಿನಲ್ಲಿ, ಬಹುಕಾಲ ಮುಟ್ಟದ್ದು ಡಿಸ್ಕಿನಲ್ಲಿ ಎಂಬ ಸರಿಯಾದ ಕ್ರಮ ಉಳಿಯುತ್ತದೆ.

ಜೆಡ್‌ರ್ಯಾಮಿನ ಜೊತೆ ಕಡಿಮೆ ಆದ್ಯತೆಯ ಡಿಸ್ಕ್ ಸ್ವಾಪನ್ನೂ ಇಟ್ಟವರಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಬೆಳಿಗ್ಗೆ ತೆರೆದು ಮರೆತ ಪ್ರೋಗ್ರಾಂಗಳ ಪುಟಗಳು ಮೊದಲು ಬಂದು ವೇಗದ ಜೆಡ್‌ರ್ಯಾಮನ್ನು ತುಂಬಿಕೊಳ್ಳುತ್ತವೆ. ಮಧ್ಯಾಹ್ನ ನಿಜವಾಗಿ ಬೇಕಾದ ಪುಟಗಳು ನಿಧಾನದ ಡಿಸ್ಕಿಗೆ ಹೋಗುತ್ತವೆ. ಈ ಕಾರಣದಿಂದ ನಾನು ಇವೆರಡನ್ನು ಒಟ್ಟಿಗಿಡುವ ಸಲಹೆ ಕೊಡುವುದಿಲ್ಲ. ಜೆಡ್‌ಸ್ವಾಪ್ ಮತ್ತು ಜೆಡ್‌ರ್ಯಾಮ್ ಒಟ್ಟಿಗೆ ಚಾಲೂ ಇದ್ದರೆ ಇನ್ನೂ ವ್ಯರ್ಥ. ಜೆಡ್‌ರ್ಯಾಮಿಗೆ ಹೊರಟ ಪುಟವನ್ನು ಜೆಡ್‌ಸ್ವಾಪ್ ದಾರಿಯಲ್ಲೇ ಹಿಡಿದು ತಾನು ಸಂಕುಚಿಸುತ್ತದೆ, ಆಮೇಲೆ ಬಿಚ್ಚಿ ಜೆಡ್‌ರ್ಯಾಮಿಗೆ ಕೊಡುತ್ತದೆ, ಅದು ಮತ್ತೆ ಸಂಕುಚಿಸುತ್ತದೆ. ಕೆಲವು ವಿತರಣೆಗಳಲ್ಲಿ ಜೆಡ್‌ಸ್ವಾಪ್ ಮೊದಲೇ ಚಾಲೂ ಇರುತ್ತದೆ. ಜೆಡ್‌ರ್ಯಾಮ್ ಹಾಕುವ ಮುನ್ನ ಸಿಸ್ ಫೋಲ್ಡರಿನಲ್ಲಿ ಜೆಡ್‌ಸ್ವಾಪ್ ಮಾಡ್ಯೂಲಿನ ಎನೇಬಲ್ಡ್ ಕಡತ ಓದಿ, ವೈ ಎಂದಿದ್ದರೆ ಆರಿಸಿ.

ಹಾಗಾದರೆ ಯಾರಿಗೆ ಯಾವುದು? ತಿರುಗುವ ಹಾರ್ಡ್ ಡಿಸ್ಕ್, ಎರಡರಿಂದ ನಾಲ್ಕು ಜಿಬಿ ರ್ಯಾಮ್, ಹೈಬರ್ನೇಟ್ ಬೇಡ ಎನ್ನುವ ಲ್ಯಾಬ್ ಅಥವಾ ಗ್ರಂಥಾಲಯದ ಯಂತ್ರಕ್ಕೆ ಜೆಡ್‌ರ್ಯಾಮ್ ಒಂದೇ ಸಾಕು. ಎಸ್‌ಎಸ್‌ಡಿ ಇರುವ, ದಿನವಿಡೀ ಹಲವು ಪ್ರೋಗ್ರಾಂ ತೆರೆದಿಟ್ಟುಕೊಂಡು ಯಾವುದೂ ಸಾಯಬಾರದೆನ್ನುವ ಕಚೇರಿಯ ಯಂತ್ರಕ್ಕೆ ಜೆಡ್‌ಸ್ವಾಪ್ ಮತ್ತು ಅದರ ಹಿಂದೆ ನಾಲ್ಕೋ ಎಂಟೋ ಜಿಬಿಯ ಡಿಸ್ಕ್ ಸ್ವಾಪ್. ಲ್ಯಾಪ್‌ಟಾಪಿನಲ್ಲಿ ಹೈಬರ್ನೇಟ್ ಬೇಕೆನ್ನುವವರಿಗೂ ಇದೇ. ಬರೀ ಡಿಸ್ಕ್ ಸ್ವಾಪ್ ಮಾತ್ರ ಇರಲಿ ಎನ್ನಲು ನನಗೆ ಕಾಣುವ ಕಾರಣ ಒಂದೇ: ಪ್ರೊಸೆಸರ್ ಎಷ್ಟು ದುರ್ಬಲವೆಂದರೆ ಸಂಕುಚಿಸುವ ಕೆಲಸವೇ ಅದಕ್ಕೆ ಭಾರ. ಅಂಥ ಯಂತ್ರ ಈಗ ಅಪರೂಪ.

ಸ್ವಾಪಿನೆಸ್ ಹತ್ತು ಎಂಬ ಸಲಹೆ

ಎಲ್ಲಿ ಕೇಳಿದರೂ ‘ಸ್ವಾಪಿನೆಸ್ ಹತ್ತು ಮಾಡಿ, ವೇಗವಾಗುತ್ತದೆ’ ಎಂಬ ಸಲಹೆ ಸಿಗುತ್ತದೆ. ರ್ಯಾಮ್ 90 ಶೇಕಡಾ ತುಂಬಿದ ಮೇಲೆ ಸ್ವಾಪ್ ಶುರುವಾಗಲಿ ಎಂಬುದು ಅದರ ಅರ್ಥವೆಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಜಾಗ ಬೇಕಾದಾಗ ಕರ್ನೆಲಿನ ಮುಂದೆ ಎರಡು ಬಗೆಯ ಪುಟಗಳಿರುತ್ತವೆ. ಪ್ರೋಗ್ರಾಂಗಳ ಸ್ವಂತ ದತ್ತಾಂಶದವು ಒಂದು, ಅವು ಸ್ವಾಪಿಗೆ ಹೋಗಬೇಕು. ಡಿಸ್ಕಿನ ಕಡತಗಳಿಂದ ಓದಿಟ್ಟುಕೊಂಡವು ಇನ್ನೊಂದು, ಅವನ್ನು ಸುಮ್ಮನೆ ಬಿಟ್ಟು ಬೇಕಾದಾಗ ಮತ್ತೆ ಓದಬಹುದು. ಎರಡರ ಓದು–ಬರಹದ ಖರ್ಚು ಒಂದಕ್ಕೊಂದು ಎಷ್ಟು ಎಂಬುದನ್ನು ಸ್ವಾಪಿನೆಸ್ ಕರ್ನೆಲಿಗೆ ತಿಳಿಸುತ್ತದೆ. 5.8ನೆಯ ಆವೃತ್ತಿಯಿಂದ ಇದರ ವ್ಯಾಪ್ತಿ 0ಯಿಂದ 200. ನೂರು ಎಂದರೆ ಎರಡೂ ಸಮಾನ. ಪೂರ್ವನಿಗದಿ 60.

ಲೆಕ್ಕವೂ ಸುಲಭವಿದೆ. ಸ್ವಾಪ್ ಕಡತಗಳಿಗಿಂತ ಎರಡು ಪಟ್ಟು ವೇಗವಾಗಿದ್ದರೆ 200ನ್ನು ಮೂರು ಪಾಲು ಮಾಡಿ ಎರಡು ಪಾಲು ಕೊಡಬೇಕು, ಅಂದರೆ 133. ಜೆಡ್‌ರ್ಯಾಮ್ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ವೇಗ, ಹಾಗಾಗಿ ಅಲ್ಲಿ 150ರಿಂದ 180 ತರ್ಕಬದ್ಧ. ಅಂಥ ಯಂತ್ರದಲ್ಲಿ ಹತ್ತು ಇಟ್ಟರೆ ಕರ್ನೆಲ್ ಅಗ್ಗದ ಜೆಡ್‌ರ್ಯಾಮನ್ನು ಮುಟ್ಟದೆ ಕಡತಗಳ ಪುಟಗಳನ್ನೇ ಹೊರದಬ್ಬುತ್ತದೆ. ಬ್ರೌಸರಿನ ಕೋಡ್ ಕೂಡ ಕಡತದ ಪುಟವೇ. ಒಂದು ಟ್ಯಾಬ್ ಬದಲಿಸಿದಾಗ ಅದನ್ನು ಮತ್ತೆ ಹಾರ್ಡ್ ಡಿಸ್ಕಿನಿಂದ ಓದಬೇಕಾಗುತ್ತದೆ. ಸ್ವಾಪ್ ಹಾರ್ಡ್ ಡಿಸ್ಕಿನಲ್ಲಿ, ಕಡತಗಳು ಎಸ್‌ಎಸ್‌ಡಿಯಲ್ಲಿ ಇರುವ ಯಂತ್ರಕ್ಕೆ ಮಾತ್ರ ಕಡಿಮೆ ಸಂಖ್ಯೆ ನ್ಯಾಯವಾದದ್ದು. ಎರಡೂ ಒಂದೇ ಡಿಸ್ಕಿನಲ್ಲಿದ್ದರೆ 60ನ್ನು ಹಾಗೇ ಬಿಡಿ.

ಇದರ ಜೊತೆಗೆ ಪೇಜ್ ಕ್ಲಸ್ಟರ್ ಎಂಬ ಇನ್ನೊಂದು ಸಂಖ್ಯೆಯಿದೆ. ಪೂರ್ವನಿಗದಿ 3, ಅಂದರೆ ಸ್ವಾಪಿನಿಂದ ಒಂದು ಪುಟ ಬೇಕಾದರೆ ಪಕ್ಕದವೂ ಸೇರಿ ಎಂಟು ಪುಟ ತರಬಹುದು. ತಿರುಗುವ ಡಿಸ್ಕಿಗೆ ಇದು ಒಳ್ಳೆಯದೇ. ಜೆಡ್‌ರ್ಯಾಮಿನಲ್ಲಿ ಹುಡುಕುವ ಖರ್ಚೇ ಇಲ್ಲವಾದ್ದರಿಂದ 0 ಮಾಡಿ, ಬೇಡದ ಪುಟಗಳನ್ನು ಬಿಚ್ಚುವ ಶ್ರಮ ಉಳಿಯುತ್ತದೆ.

ಪ್ರೋಗ್ರಾಂ ಸಾಯಲೇಬೇಕಾದರೆ ಯಾವುದು, ಯಾವಾಗ

ಎಲ್ಲ ಉಪಾಯ ಮುಗಿದಾಗ ಕರ್ನೆಲ್ ಒಒಎಂ (ಔಟ್ ಆಫ್ ಮೆಮೊರಿ, ಅಂದರೆ ಮೆಮೊರಿ ಮುಗಿದ ಸ್ಥಿತಿ) ಕಿಲ್ಲರ್ ಮೂಲಕ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆ. ಹೆಚ್ಚು ಮೆಮೊರಿ ತಿನ್ನುತ್ತಿರುವುದನ್ನೇ ಅದು ಆರಿಸುವುದು. ನಮ್ಮ ಯಂತ್ರಗಳಲ್ಲಿ ನಿಜವಾದ ಕಷ್ಟ ಕೊಲ್ಲುವುದರಲ್ಲಿಲ್ಲ, ತಡವಾಗಿ ಕೊಲ್ಲುವುದರಲ್ಲಿದೆ. ಇನ್ನೂ ಒಂದಿಷ್ಟು ಕಡತದ ಪುಟ ಬಿಡಿಸಬಹುದೆಂದು ಕರ್ನೆಲ್ ಪ್ರಯತ್ನಿಸುತ್ತಲೇ ಇರುತ್ತದೆ, ಪರದೆ ಅಷ್ಟು ಹೊತ್ತು ಸ್ತಬ್ಧವಾಗಿರುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ನನಗೆ ಇಷ್ಟವಾದದ್ದು, 6.1ನೆಯ ಆವೃತ್ತಿಯಲ್ಲಿ, 2022ರ ಡಿಸೆಂಬರಿನಲ್ಲಿ ಬಂದ ಮಲ್ಟಿ ಜೆನ್ ಎಲ್‌ಆರ್‌ಯು. ಹಳೆಯ ವ್ಯವಸ್ಥೆ ಪುಟಗಳನ್ನು ಸಕ್ರಿಯ, ನಿಷ್ಕ್ರಿಯ ಎಂಬ ಎರಡೇ ಪಟ್ಟಿಗಳಲ್ಲಿ ಇಡುತ್ತಿತ್ತು. ಹೊಸದು ಹಲವು ತಲೆಮಾರುಗಳಾಗಿ ವಿಂಗಡಿಸುತ್ತದೆ, ಯಾವುದು ಎಷ್ಟು ಹಳತೆಂಬ ಅಂದಾಜು ಅದಕ್ಕೆ ಚೆನ್ನಾಗಿ ಸಿಗುತ್ತದೆ. ಸಿಸ್ ಫೋಲ್ಡರಿನ ಎಲ್‌ಆರ್‌ಯು ಜೆನ್ ಜಾಗದಲ್ಲಿ ಮಿನ್ ಟಿಟಿಎಲ್ ಎಂಎಸ್ ಎಂಬ ಕಡತವಿದೆ. ಅಲ್ಲಿ 1000 ಎಂದು ಬರೆದರೆ ಕಳೆದ ಒಂದು ಸೆಕೆಂಡಿನಲ್ಲಿ ಬಳಕೆಯಾದ ಪುಟಗಳನ್ನು ಹೊರಹಾಕುವಂತಿಲ್ಲ. ಅದು ಸಾಧ್ಯವಾಗದಿದ್ದರೆ ಕರ್ನೆಲ್ ಕಾಯದೆ ಒಒಎಂ ಕಿಲ್ಲರನ್ನು ಕರೆಯುತ್ತದೆ. 3000ಕ್ಕೆ ಏರಿಸಿದರೆ ಇನ್ನೂ ನುಣುಪಾಗಿ ನಡೆಯುತ್ತದೆ, ಆದರೆ ಅವಸರದಲ್ಲಿ ಪ್ರೋಗ್ರಾಂ ಕೊಲ್ಲುವ ಅಪಾಯ ಹೆಚ್ಚುತ್ತದೆ. ಶಾಲೆಯ ಲ್ಯಾಬಿಗೆ 1000 ಬಹಳ ಒಳ್ಳೆಯ ಆಯ್ಕೆ. ಸಂಘದ ಲೆಕ್ಕದ ಯಂತ್ರಕ್ಕೆ ಪೂರ್ವನಿಗದಿಯ 0 ಇರಲಿ, ತಡವಾದರೂ ಪ್ರೋಗ್ರಾಂ ಉಳಿಯಲಿ.

ಎರಡನೆಯ ದಾರಿ ಮೆಮೊರಿ ಪೂರ್ತಿ ಮುಗಿಯುವ ಮುನ್ನವೇ ಪ್ರೋಗ್ರಾಂ ಕೊಲ್ಲುವ, ಕರ್ನೆಲಿನ ಹೊರಗಿನ ಕಾವಲುಗಾರರು: ಸಿಸ್ಟಮ್‌ಡಿ ಒಒಎಂಡಿ ಅಥವಾ ಅರ್ಲಿ ಒಒಎಂ. ಮೊದಲನೆಯದು ಕರ್ನೆಲಿನ ಪಿಎಸ್‌ಐ ಆಯ್ಕೆಯನ್ನು ಅವಲಂಬಿಸಿದೆ. 4.20ನೆಯ ಆವೃತ್ತಿಯಿಂದ ಇರುವ ಈ ಪಿಎಸ್‌ಐಯನ್ನು ಎಲ್ಲರೂ ಪರಿಚಯ ಮಾಡಿಕೊಳ್ಳಬೇಕು. ಪ್ರಾಕ್ ಫೋಲ್ಡರಿನಲ್ಲಿ ಪ್ರೆಶರ್ ಒಳಗಿನ ಮೆಮೊರಿ ಕಡತ ಓದಿದರೆ ಸಮ್, ಫುಲ್ ಎಂಬ ಎರಡು ಸಾಲು ಕಾಣುತ್ತವೆ. ಕಳೆದ 10, 60, 300 ಸೆಕೆಂಡುಗಳಲ್ಲಿ ಎಷ್ಟು ಶೇಕಡಾ ಸಮಯ ಕೆಲಸಗಳು ಮೆಮೊರಿಗಾಗಿ ಕಾದು ನಿಂತಿದ್ದವು ಎಂಬುದು ಅಲ್ಲಿರುತ್ತದೆ. ಫುಲ್ ಎಂದರೆ ಮಾಡಲು ಕೆಲಸವಿದ್ದ ಎಲ್ಲವೂ ಒಮ್ಮೆಗೇ ನಿಂತ ಹೊತ್ತು. ‘ಫ್ರೀ ಮೆಮೊರಿ ಇಷ್ಟೇ ಉಳಿದಿದೆ’ ಎಂದು ಗಾಬರಿಯಾಗುವುದಕ್ಕಿಂತ ಈ ಸಂಖ್ಯೆ ನೋಡಿ. ಖಾಲಿ ರ್ಯಾಮ್ ಕಡಿಮೆಯಿದ್ದೂ ಒತ್ತಡ ಸೊನ್ನೆಯಿದ್ದರೆ ಯಂತ್ರ ಆರೋಗ್ಯವಾಗಿದೆ, ಮುಟ್ಟಬೇಡಿ. ಯಾವ ಹೊಂದಿಕೆ ಬದಲಿಸಿದರೂ ಮೊದಲು ಮತ್ತು ಆಮೇಲೆ ಇದೇ ಕಡತ ಓದಿ ಹೋಲಿಸಿ. ಉಳಿದ ಅಭಿಪ್ರಾಯಗಳೆಲ್ಲ ಊಹೆ.

ಮೂರನೆಯದು ಸಿಗ್ರೂಪ್ ಮಿತಿ, ಅಂದರೆ ಪ್ರೋಗ್ರಾಂಗಳ ಒಂದು ಗುಂಪಿಗೆ ಕಟ್ಟುವ ಮೆಮೊರಿ ಮಿತಿ. ಮೆಮೊರಿ ಹೈ ಎಂಬ ಮಿತಿ ದಾಟಿದ ಗುಂಪನ್ನು ಕರ್ನೆಲ್ ನಿಧಾನಿಸಿ ಅದರ ಪುಟಗಳನ್ನೇ ಹಿಂಪಡೆಯುತ್ತದೆ. ಮೆಮೊರಿ ಮ್ಯಾಕ್ಸ್ ದಾಟಿ ಹಿಂಪಡೆಯಲೂ ಆಗದಿದ್ದರೆ ಆ ಗುಂಪಿನೊಳಗೇ ಕೊಲ್ಲುತ್ತದೆ. ಬ್ರೌಸರೊಂದಕ್ಕೆ ಮೆಮೊರಿ ಹೈ ಕಟ್ಟಿಹಾಕಿದರೆ ಅದೇ ಯಂತ್ರದ ಲೆಕ್ಕದ ಪ್ರೋಗ್ರಾಂ ನೆಮ್ಮದಿಯಿಂದಿರುತ್ತದೆ. ಸಂಘದ ಯಂತ್ರಗಳಿಗೆ ನಾನು ಮೆಚ್ಚುವುದು ಇದನ್ನೇ.

ಕರೆಂಟ್ ಹೋಗುವ ಊರಿನ ಲೆಕ್ಕ

ಕಡತ ಉಳಿಸಿದ ಕೂಡಲೇ ಅದು ಡಿಸ್ಕಿಗೆ ತಲುಪಿತೆಂದು ನಾವು ತಿಳಿಯುತ್ತೇವೆ. ಬರಹ ಮೊದಲು ರ್ಯಾಮಿನಲ್ಲಿ ಕೊಳೆ ಪುಟವಾಗಿ ಕಾಯುತ್ತದೆ. ಕರ್ನೆಲ್ ಐದು ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳತಾದುದನ್ನು ಬರೆಯುತ್ತದೆ. ಗಾತ್ರದ ಲೆಕ್ಕದಲ್ಲಿ, ಬಳಕೆಗೆ ಲಭ್ಯವಿರುವ ಮೆಮೊರಿಯ 10 ಶೇಕಡಾ ಕೊಳೆಯಾದಾಗ ಹಿನ್ನೆಲೆಯಲ್ಲಿ ಬರೆಯಲು ಶುರುಮಾಡುತ್ತದೆ, 20 ಶೇಕಡಾ ಮುಟ್ಟಿದಾಗ ಬರೆಯುತ್ತಿರುವ ಪ್ರೋಗ್ರಾಮನ್ನೇ ನಿಲ್ಲಿಸಿ ಬರೆಸುತ್ತದೆ. ಮೂರು ಜಿಬಿ ಲಭ್ಯವಿದ್ದರೆ ಇವು ಸರಿಸುಮಾರು 300 ಮತ್ತು 600 ಎಂಬಿ. ನಿಧಾನದ ಪೆನ್‌ಡ್ರೈವಿಗೆ 600 ಎಂಬಿ ಬರೆಯಲು ನಿಮಿಷಗಳೇ ಬೇಕು. ಪರದೆಯ ಮೇಲೆ ನಕಲು ಮುಗಿದಂತೆ ಕಂಡು ಪೆನ್‌ಡ್ರೈವ್ ಕಿತ್ತವರು ಅರ್ಧ ಕಡತ ಹಿಡಿದುಕೊಂಡು ಹೋಗುತ್ತಾರೆ.

ಶೇಕಡಾವಾರು ಬಿಟ್ಟು ಬೈಟ್ ಲೆಕ್ಕದ ಆಯ್ಕೆಗಳನ್ನು ಬಳಸುವುದು ಇಲ್ಲಿ ಮೇಲು. ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 16 ಎಂಬಿ, ಡರ್ಟಿ ಬೈಟ್ಸ್ 64 ಎಂಬಿ ಇಟ್ಟರೆ ಬಾಕಿ ಉಳಿಯುವ ಬರಹ ಸಣ್ಣದಾಗುತ್ತದೆ. ಬೈಟ್ಸ್ ಬರೆದ ಕೂಡಲೇ ಅದರ ಜೋಡಿಯಾದ ಶೇಕಡಾ ಕಡತ 0 ತೋರಿಸುತ್ತದೆ, ಎರಡರಲ್ಲಿ ಒಂದು ಮಾತ್ರ ಜಾರಿಯಲ್ಲಿರಲು ಸಾಧ್ಯ. ಅವಧಿಯನ್ನೂ ಇಳಿಸಬಹುದು. ಡರ್ಟಿ ಎಕ್ಸ್‌ಪೈರ್ ಸೆಂಟಿಸೆಕೆಂಡಿನ ಲೆಕ್ಕದಲ್ಲಿರುವುದರಿಂದ 3000 ಎಂದರೆ 30 ಸೆಕೆಂಡು, 1000 ಎಂದರೆ ಹತ್ತು. ಬದಲಿಗೆ ಕೊಡಬೇಕಾದದ್ದು ದೊಡ್ಡ ನಕಲುಗಳ ವೇಗ ಮತ್ತು ಡಿಸ್ಕಿನ ವಿಶ್ರಾಂತಿ. ಬ್ಯಾಟರಿ ಉಳಿಸಬೇಕಾದ ಲ್ಯಾಪ್‌ಟಾಪಿಗೆ ಇದು ಬೇಡ. ಯುಪಿಎಸ್ ಇಲ್ಲದ, ಆಗುಂಬೆ–ಹೊಸನಗರದ ಮಳೆಯಲ್ಲಿ ನಡೆಯಬೇಕಾದ ಡೆಸ್ಕ್‌ಟಾಪಿಗೆ ಖಂಡಿತ ಬೇಕು.

ಇದು ಪೂರ್ತಿ ರಕ್ಷಣೆಯಲ್ಲ. ಎಫ್‌ಸಿಂಕ್ ಕರೆ ಮಾಡಿ ‘ಡಿಸ್ಕಿಗೆ ತಲುಪುವವರೆಗೆ ಕಾಯುತ್ತೇನೆ’ ಎನ್ನುವ ಡೇಟಾಬೇಸುಗಳಿಗೆ ಈ ಹೊಂದಿಕೆಯಿಂದ ಹೆಚ್ಚು ವ್ಯತ್ಯಾಸವಿಲ್ಲ. ಹಾಗೆ ಮಾಡದ ಪ್ರೋಗ್ರಾಂಗಳಿಗೆ ನಷ್ಟದ ಗಾತ್ರ ಕಿರಿದಾಗುತ್ತದೆ, ಅಷ್ಟೇ. ಐದು ನಿಮಿಷ ತಡೆಯುವ ಒಂದು ಯುಪಿಎಸ್ ಯಾವ ಕರ್ನೆಲ್ ಆಯ್ಕೆಗಿಂತಲೂ ದೊಡ್ಡದು. ಹಣವಿದ್ದರೆ ಮೊದಲು ಅದನ್ನು ಕೊಳ್ಳಿ.

ಉಳಿದವು

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ 4 ಕೆಬಿ ಪುಟದ ಬದಲು 2 ಎಂಬಿ ಪುಟ ಕೊಡುತ್ತದೆ, ಅಂದರೆ 512 ಪುಟಗಳ ಜಾಗಕ್ಕೆ ಒಂದು. ವಿಳಾಸ ಹುಡುಕುವ ಕೆಲಸ ಕಡಿಮೆಯಾಗಿ ದೊಡ್ಡ ಲೆಕ್ಕಾಚಾರ ವೇಗವಾಗುತ್ತದೆ. ಆದರೆ ಸ್ವಲ್ಪವೇ ಬೇಕಾದವನಿಗೂ 2 ಎಂಬಿ ಹೋಗುವುದರಿಂದ ಸಣ್ಣ ಯಂತ್ರದಲ್ಲಿ ವ್ಯರ್ಥ ಹೆಚ್ಚು. ಆಲ್ವೇಸ್, ಎಂಅಡ್ವೈಸ್, ನೆವರ್ ಎಂಬ ಮೂರರಲ್ಲಿ ಎಂಅಡ್ವೈಸ್ ಆರಿಸಿ, ಕೇಳಿದ ಪ್ರೋಗ್ರಾಮಿಗೆ ಮಾತ್ರ ಸಿಗುತ್ತದೆ. ಆಲ್ವೇಸ್ ಏನಿದ್ದರೂ 16 ಜಿಬಿ ಮೇಲಿನ ಯಂತ್ರಗಳಲ್ಲಿ ಅಳೆದು ನೋಡಿ ಇಡುವಂಥದ್ದು.

ಕೆಎಸ್‌ಎಂ ಒಂದೇ ರೀತಿಯ ಪುಟಗಳನ್ನು ಹುಡುಕಿ ಒಂದೇ ಪ್ರತಿ ಉಳಿಸುತ್ತದೆ. 2009ರಿಂದಲೂ ಇದೆ. ಒಂದೇ ಸರ್ವರಿನಲ್ಲಿ ಒಂದೇ ವಿಧದ ಹಲವು ವರ್ಚುಯಲ್ ಯಂತ್ರ ನಡೆಸುವ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಲಾಭ. ಮನೆ, ಅಂಗಡಿ, ಕಚೇರಿಯ ಯಂತ್ರಕ್ಕೆ ಹುಡುಕುವ ಶ್ರಮವೇ ಹೆಚ್ಚು. ಪರಸ್ಪರ ನಂಬದ ಬಳಕೆದಾರರಿದ್ದರೆ ಒಬ್ಬರ ಪುಟದ ಗುಟ್ಟನ್ನು ಇನ್ನೊಬ್ಬರು ಸಮಯ ಅಳೆದು ಊಹಿಸುವ ಅಪಾಯವೂ ಇದೆ.

ಓವರ್‌ಕಮಿಟ್ ಮೆಮೊರಿಗೆ 0, 1, 2 ಎಂಬ ಮೂರು ಬೆಲೆಗಳು. 0 ಕರ್ನೆಲಿನ ಅಂದಾಜಿಗೆ ಬಿಡುತ್ತದೆ, 1 ಕೇಳಿದ್ದಕ್ಕೆಲ್ಲ ಒಪ್ಪುತ್ತದೆ, 2 ಕಟ್ಟುನಿಟ್ಟಿನ ಲೆಕ್ಕ ಇಡುತ್ತದೆ: ಸ್ವಾಪ್ ಮತ್ತು ರ್ಯಾಮಿನ ಅರ್ಧ ಸೇರಿಸಿದಷ್ಟೇ ಮಿತಿ. ನಾಲ್ಕು ಜಿಬಿ ರ್ಯಾಮ್, ಎರಡು ಜಿಬಿ ಸ್ವಾಪ್ ಇದ್ದರೆ ಮಿತಿ ನಾಲ್ಕು ಜಿಬಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾತ್ರ ನಡೆಸುವ ಸರ್ವರಿಗೆ 2 ಯೋಗ್ಯ, ಅದರ ದಸ್ತಾವೇಜಿನಲ್ಲೂ ಆ ಸಲಹೆಯಿದೆ. ಬಳಸುವುದಕ್ಕಿಂತ ಹೆಚ್ಚು ಕೇಳಿಟ್ಟುಕೊಳ್ಳುವ ಬ್ರೌಸರ್ ಇರುವ ಡೆಸ್ಕ್‌ಟಾಪಿಗೆ 0 ಬಿಟ್ಟು ಬೇರೆ ಬೇಡ.

ಕಸಾನ್‌ನಂಥ ದೋಷ ಹುಡುಕುವ ಆಯ್ಕೆಗಳನ್ನು ದಿನಬಳಕೆಯ ಕರ್ನೆಲಿನಲ್ಲಿ ಎನ್ ಎಂದೇ ಇಡಿ. ಅದರ ಸಾಮಾನ್ಯ ಬಗೆ ಮೆಮೊರಿಯ ಎಂಟರಲ್ಲಿ ಒಂದು ಪಾಲನ್ನು ತನ್ನ ಲೆಕ್ಕಕ್ಕೇ ಹಿಡಿಯುತ್ತದೆ.

ಬರೆದಿಡುವ ಕ್ರಮ

ಇಷ್ಟೆಲ್ಲ ಆರಿಸಿದ ಮೇಲೆ ಬದಲಿಸಿದವರು ಬೇರೆ ಊರಿಗೆ ಹೋಗುತ್ತಾರೆ, ಯಂತ್ರ ಅಲ್ಲೇ ಉಳಿಯುತ್ತದೆ. ಮುಂದೆ ಬಂದವರಿಗೆ ಸಿಸ್‌ಸಿಟಿಎಲ್ ಕಡತದಲ್ಲಿ ‘150’ ಎಂಬ ಬರೀ ಸಂಖ್ಯೆ ಸಿಕ್ಕರೆ ಅದನ್ನು ಉಳಿಸಬೇಕೋ ತೆಗೆಯಬೇಕೋ ತಿಳಿಯುವುದಿಲ್ಲ. ಅದೇ ಕಡತದಲ್ಲಿ, ಸಂಖ್ಯೆಯ ಮೇಲೆಯೇ, ಕನ್ನಡದಲ್ಲಿ ಟಿಪ್ಪಣಿ ಬರೆಯಿರಿ. ಸಾಲಿನ ಆರಂಭದಲ್ಲಿ ಹ್ಯಾಶ್ ಚಿಹ್ನೆ ಇದ್ದರೆ ಕನ್ನಡ ಲಿಪಿಯಿಂದ ಯಾವ ತೊಂದರೆಯೂ ಆಗುವುದಿಲ್ಲ. ನಾನು ಬರೆಯುವ ಮಾದರಿ ಇದು:

‘ಸ್ವಾಪಿನೆಸ್ 150, ಪೂರ್ವನಿಗದಿ 60. ಕಾರಣ: ಈ ಯಂತ್ರದಲ್ಲಿ ಸ್ವಾಪ್ ಇರುವುದು ಜೆಡ್‌ರ್ಯಾಮಿನಲ್ಲಿ ಮಾತ್ರ, ಕಡತಗಳು ತಿರುಗುವ ಡಿಸ್ಕಿನಲ್ಲಿ. ಡಿಸ್ಕ್ ಸ್ವಾಪ್ ಸೇರಿಸಿದರೆ ಅಥವಾ ಎಸ್‌ಎಸ್‌ಡಿ ಹಾಕಿದರೆ ಈ ಸಂಖ್ಯೆಯನ್ನು ಮತ್ತೆ ಲೆಕ್ಕ ಹಾಕಿ. ತೆಗೆಯಲು ಈ ಸಾಲು ಅಳಿಸಿ ಯಂತ್ರ ಮರಳಿ ಚಾಲೂ ಮಾಡಿ. ಬದಲಾವಣೆಯ ಮುಂಚೆ ಮತ್ತು ನಂತರ ಬ್ರೌಸರಿನಲ್ಲಿ ಅದೇ ಕೆಲಸ ಮಾಡುವಾಗಿನ ಮೆಮೊರಿ ಒತ್ತಡದ ಫುಲ್ ಸಾಲನ್ನು ಕೆಳಗೆ ಅಂಟಿಸಿದೆ.’

ದಿನಾಂಕ ಮತ್ತು ಕರ್ನೆಲ್ ಆವೃತ್ತಿಯನ್ನೂ ಸೇರಿಸಿ. ಆವೃತ್ತಿ ಬದಲಾದಾಗ ಆಯ್ಕೆಗಳೇ ಮಾಯವಾಗುವುದುಂಟು. ಕರ್ನೆಲಿನ ಸ್ವಂತ ಬಳಕೆಗೆ ಮೆಮೊರಿ ಹಂಚುತ್ತಿದ್ದ ಸ್ಲಾಬ್ (SLAB) ಎಂಬ ಹಳೆಯ ಹಂಚಿಕೆದಾರನನ್ನು 2024ರಲ್ಲಿ 6.8ನೆಯ ಆವೃತ್ತಿಯಲ್ಲಿ ತೆಗೆದರು, ಅದಕ್ಕೆ ಹಿಂದಿನ ವರ್ಷ 6.4ರಲ್ಲಿ ಅತಿ ಸಣ್ಣ ಯಂತ್ರಗಳಿಗಾಗಿದ್ದ ಸ್ಲಾಬ್ ಒ (SLOB) ಎಂಬ ಬೇರೊಂದು ಹಂಚಿಕೆದಾರ ಹೋಗಿತ್ತು, ಈಗ ಉಳಿದದ್ದು ಸ್ಲಬ್ ಒಂದೇ. ಜೆಡ್‌ಸ್ವಾಪ್ ಬಳಸುತ್ತಿದ್ದ ಜೆಡ್‌ಬಡ್, ಜೆಡ್‌3ಫೋಲ್ಡ್ ಎಂಬ ಸಂಗ್ರಹ ವಿಧಾನಗಳೂ ಈಚೆಗೆ ಹೋಗಿ ಜೆಡ್‌ಎಸ್‌ಮ್ಯಾಲಕ್ ನಿಂತಿದೆ. ಹಳೆಯ ಬರಹ ನೋಡಿ ಬೂಟ್ ಸಾಲಿನಲ್ಲಿ ಜೆಡ್‌3ಫೋಲ್ಡ್ ಎಂದು ಬರೆದಿಟ್ಟವರು ಕರ್ನೆಲ್ ನವೀಕರಿಸಿದ ದಿನ ಡಿಮೆಸೇಜ್ ಆಜ್ಞೆಯ ಸಂದೇಶಗಳಲ್ಲಿ ಜೆಡ್‌ಸ್ವಾಪಿನ ಸಾಲು ಹುಡುಕಿ, ಕೇಳಿದ್ದು ಸಿಕ್ಕಿತೋ ಬೇರೆಯದು ಬಂದಿತೋ ಎಂದು ಖಚಿತಪಡಿಸಿಕೊಂಡು ಟಿಪ್ಪಣಿಯನ್ನು ತಿದ್ದಬೇಕು.